ನಿವೃತ್ತಿಗೆ ಮುಂಚೆಯೇ ಅಗ್ಗದ ಊರಿಗೆ ಹೋಗಬಹುದೇ?

ವಯಸ್ಸು ಐವತ್ತಾರು, ಇನ್ನೂ ಏಳೆಂಟು ವರ್ಷ ದುಡಿಯಲೇಬೇಕು, ಖರ್ಚು ಕಡಿಮೆಯಿರುವ ಊರಿಗೆ ಈಗಲೇ ಹೋಗುವುದೋ ನಿವೃತ್ತಿಯ ತನಕ ಕಾಯುವುದೋ ಎಂದು ಕೇಳಿದ್ದೀರಿ.

ಈಗಲೇ ಹೋಗಿ. ನಾವು ಹೋದದ್ದೂ ನನಗೆ ಸಂಬಳ ಬರುತ್ತಿರುವಾಗಲೇ. ಊರು ಒಗ್ಗದಿದ್ದರೆ ವಾಪಸು ಬರುವ ಧೈರ್ಯ ಸಂಬಳವಿರುವಾಗ ಇರುತ್ತದೆ. ಪಿಂಚಣಿಯಲ್ಲಿ ಬದುಕುವಾಗ ಎರಡನೇ ಸಲ ಸಂಸಾರ ಎತ್ತುವುದು ಬಹಳ ಕಷ್ಟ.

ಖರ್ಚು ಇಳಿದರೆ ಉಳಿತಾಯ ಹೆಚ್ಚುತ್ತದೆ, ಜೊತೆಗೆ ಮುಂದೆ ಬೇಕಾಗುವ ಇಡುಗಂಟೂ ಚಿಕ್ಕದಾಗುತ್ತದೆ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಅಮೆರಿಕದ ಷೇರು ಮತ್ತು ಬಾಂಡ್ ಮಾರುಕಟ್ಟೆಯ ಹಳೆಯ ಅಂಕಿಗಳನ್ನು ನೋಡಿ, ಮೊದಲ ವರ್ಷ ಇಡುಗಂಟಿನ ಶೇ 4ರಷ್ಟು ತೆಗೆದು, ಬಳಿಕ ಬೆಲೆಯೇರಿಕೆಯಷ್ಟೇ ಹೆಚ್ಚಿಸುತ್ತ ಹೋದರೆ ಅದು 30 ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕಿದರು. ಎಲ್ಲ ದೇಶಕ್ಕೂ ಅದು ಹಾಗೆಯೇ ಹೊಂದುವುದಿಲ್ಲ. ಅಂದಾಜಿಗೆ ಸಾಕು: ಶೇ 4 ಎಂದರೆ ಇಪ್ಪತ್ತೈದರಲ್ಲಿ ಒಂದು ಪಾಲು, ಹಾಗಾಗಿ ವರ್ಷದ ಖರ್ಚಿನಲ್ಲಿ ಸಾವಿರ ಇಳಿದರೆ ಕೂಡಿಡಬೇಕಾದ ಹಣದಲ್ಲಿ 25 ಸಾವಿರ ಇಳಿಯುತ್ತದೆ.

ನನಗೆ ಆತಂಕವಿರುವುದು ನಿಮ್ಮ ಕೆಲಸದ ಬಗ್ಗೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನೊಂದು ಬೇಗ ಸಿಗುವುದಿಲ್ಲ, ಸಣ್ಣ ಊರಿನಲ್ಲಂತೂ ಕೇಳುವುದೇ ಬೇಡ. ಮನೆಯಿಂದ ಕೆಲಸ ಮಾಡಲು ಬಾಯಿಮಾತಿನಲ್ಲಿ ಕೊಟ್ಟ ಅನುಮತಿ ಹೊಸ ಮೇಲಧಿಕಾರಿ ಬಂದ ದಿನ ಹಾರಿಹೋಗಬಹುದು. ಬರಹದಲ್ಲಿ ಪಡೆಯಿರಿ. ಕೆಲವು ಕಂಪನಿಗಳು ಊರು ನೋಡಿ ಸಂಬಳ ನಿಗದಿ ಮಾಡುತ್ತವೆ, ಅದನ್ನೂ ಮೊದಲೇ ವಿಚಾರಿಸಿ. ಈ ಕಾರಣಕ್ಕೇ ನಾವು ಎಲ್ಲಕ್ಕಿಂತ ಅಗ್ಗದ ಊರನ್ನು ಬಿಟ್ಟು, ಬೆಳಿಗ್ಗೆ ಕಚೇರಿಗೆ ಹೊರಟರೆ ರಾತ್ರಿ ಮನೆ ಸೇರಬಹುದಾದಂಥ ಊರನ್ನು ಆರಿಸಿಕೊಂಡೆವು.

ಇನ್ನು ಆಸ್ಪತ್ರೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದರೆ, ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಆಸ್ಪತ್ರೆ ಎಷ್ಟು ದೂರ ಎಂದಷ್ಟೇ ಕೇಳಿದರೆ ಸಾಲದು. ರಾತ್ರಿ ಎರಡು ಗಂಟೆಗೆ ಅಲ್ಲಿ ಸ್ಕ್ಯಾನ್ ಮಾಡುವವರು ಇರುತ್ತಾರೆಯೇ? ಮನೆ ನೋಡಲು ಹೋದಲ್ಲೆಲ್ಲ ನನ್ನ ಹೆಂಡತಿ ವಿಚಾರಿಸುತ್ತಿದ್ದುದು ಇದನ್ನೇ. ಅಗಲವಾದ ಜಗಲಿ, ಮನೆ ತುಂಬ ಬೆಳಕು, ಬಾಡಿಗೆಯೂ ಕಡಿಮೆ ಇದ್ದ ಒಂದು ಮನೆಯನ್ನು ಇದಕ್ಕೆ ಸಿಕ್ಕ ಉತ್ತರದಿಂದಾಗಿಯೇ ಕೈಬಿಟ್ಟೆವು.

ಮೊದಲ ವರ್ಷ ಬಾಡಿಗೆಗೆ ಇರಿ. ಈಗಿನ ಮನೆ ಸ್ವಂತದ್ದಾಗಿದ್ದರೆ ಬಾಡಿಗೆಗೆ ಕೊಡಿ, ಮಾರಬೇಡಿ. ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುವಾಗ ತೆರಿಗೆ, ನೋಂದಣಿ, ದಲ್ಲಾಳಿ ಎಂದು ಹೋಗುವ ಹಣ ಹಲವು ವರ್ಷಗಳ ಉಳಿತಾಯವನ್ನು ನುಂಗಿಬಿಡುತ್ತದೆ. ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಅಲ್ಲಿ ಕಂಡ ಮೇಲೆ ಕೊಳ್ಳುವ ಮಾತು.