ಆಪ್ತಸಲಹೆ ಪ್ರಕರಣ: ಅಕ್ಕನ ಅಂಗಡಿ, ತಮ್ಮನ ಕ್ಲೀನಿಂಗು

ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು ಅಂತ ಇಟ್ಟುಕೊಳ್ಳಿ.

ಮೊದಲು ಬಂದದ್ದು ಅಕ್ಕ. ಪೇಟೆಯಲ್ಲಿ ಒಂದು ಕೋಣೆಯ ಡಿಟಿಪಿ ಅಂಗಡಿ ಅವರದು, ಅಂದರೆ ಅಚ್ಚಿಗೆ ಬೇಕಾದ ಪುಟಗಳನ್ನು ಕಂಪ್ಯೂಟರಿನಲ್ಲಿ ತಯಾರು ಮಾಡುವ ಅಂಗಡಿ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಕನ್ನಡದಲ್ಲೂ ಮಲಯಾಳದಲ್ಲೂ ಅರ್ಜಿ. ಪುಟ ಜೋಡಿಸುವುದು ಪೇಜ್‌ಮೇಕರ್ ಅನ್ನುವ ಪ್ರೋಗ್ರಾಮಿನಲ್ಲಿ. ತಮ್ಮ ಡಿಗ್ರಿ ಓದುತ್ತಿದ್ದಾನೆ, ಸಂಜೆ ಅಂಗಡಿಗೆ ಬಂದು ಕೈ ಜೋಡಿಸುತ್ತಿದ್ದ. ಈಗ ಬರುವುದಿಲ್ಲ. ಅಕ್ಕನ ಎದುರು ಊಟಕ್ಕೂ ಕೂರುವುದಿಲ್ಲ.

"ನಾನು ಬೈದದ್ದು ಹೌದು ಟೀಚರ್. ಆದರೆ ಬೈಯದೆ ಎಂತ ಮಾಡುವುದು? ಇಡೀ ಪೇಜ್‌ಮೇಕರನ್ನೇ ತೆಗೆದು ಹಾಕಿದ್ದಾನೆ. ಕಲಶದ ಕಾಗದದ ಪಾರ್ಟಿ ಮಂಗಳೂರಿಗೆ ಹೋದರು. ಸೀಸನ್ನಿನಲ್ಲಿ ದೊಡ್ಡ ಆರ್ಡರ್ ಅದು."

ಅವರ ಸಿಟ್ಟು ನ್ಯಾಯವಾದದ್ದೇ. ಸಮಾಧಾನ ಮಾಡಿಕೊಳ್ಳಿ ಅಂತ ನಾನು ಹೇಳಲಿಲ್ಲ. ತಮ್ಮನನ್ನು ಒಬ್ಬನೇ ಬರಲು ಹೇಳಿ ಅಂದೆ.

ಅವನು ಬಂದ. ಊಟ, ನಿದ್ದೆ ಎರಡೂ ಕೆಟ್ಟಿತ್ತು. ಫೋನಿನಲ್ಲಿ ಅಕ್ಕನ ಹೆಸರು ಕಂಡರೆ ಹೊಟ್ಟೆ ತೊಳಸಿದ ಹಾಗೆ ಆಗುತ್ತದೆ ಅಂದ. ಸಾಯಬೇಕು ಅಂತ ಅನ್ನಿಸಿದ್ದುಂಟಾ ಎಂದು ನೇರವಾಗಿ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಿ ಪ್ರಯೋಜನ ಇಲ್ಲ. "ಇಲ್ಲ ಟೀಚರ್. ಎಲ್ಲಿಗಾದರೂ ಹೋಗಿಬಿಡುವ ಅಂತ ಕಂಡದ್ದುಂಟು." ಕೇರಳದ ದಿಶಾ ಸಹಾಯವಾಣಿ 1056, ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಎರಡನ್ನೂ ಅವನ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿದೆ.

ಆಮೇಲೆ ಒಂದು ಹಾಳೆ ಕೊಟ್ಟೆ. ಮೊದಲ ದಿನದಿಂದ ಕಂಪ್ಯೂಟರಿಗೆ ಏನೇನು ಮಾಡಿದೆ, ಸಾಲಾಗಿ ಬರಿ. ಯಾಕೆ ಮಾಡಿದೆ ಅಂತ ಬೇಡ, ಮಾಡಿದ್ದು ಮಾತ್ರ. ಹಾಳೆಯ ಎರಡೂ ಬದಿ ತುಂಬಿತು. ಪೂರ್ತಿ ಕಥೆ ನನಗೆ ಗೊತ್ತಾದದ್ದು ಅದರಿಂದ. ತಾಂತ್ರಿಕ ವಿಷಯ ನನ್ನ ಕಸುಬಲ್ಲ. ಅವನ ಅನುಮತಿ ಪಡೆದು, ಹೆಸರು ಹೇಳದೆ, ಪರಿಚಯದ ಒಬ್ಬ ಸರ್ವಿಸಿನವರಿಗೆ ಅದನ್ನು ಓದಿ ಹೇಳಿದೆ.

ಅಂಗಡಿಯದು ವಿಂಡೋಸ್ 10 ಇರುವ ಹಳೆ ಮೆಷಿನ್ನು, ಮೆಮೊರಿ 4 ಜಿಬಿ. ತುಂಬ ನಿಧಾನ. ಅದರಲ್ಲಿ ಮೊದಲಿಂದಲೇ ಬಂದಿರುವ ಆ್ಯಪುಗಳನ್ನು ತೆಗೆದರೆ ಸ್ಪೀಡ್ ಆಗುತ್ತದೆ ಅಂತ ಹುಡುಗ ಯಾವುದೋ ವಿಡಿಯೋದಲ್ಲಿ ನೋಡಿದ್ದ. ಅಕ್ಕ ಮನೆಗೆ ಹೋದ ಮೇಲೆ ಪವರ್‌ಶೆಲ್, ಅಂದರೆ ವಿಂಡೋಸಿಗೆ ಆಜ್ಞೆ ಬರೆದು ಕೊಡುವ ಕಿಟಕಿ, ತೆರೆದು ಆಜ್ಞೆಯ ಒಂದು ಸಾಲು ಅಂಟಿಸಿ ಎಂಟರ್ ಒತ್ತಿದ. ಅದು ಆಟದ ಆ್ಯಪು, ಹವಾಮಾನದ ಆ್ಯಪು ಎಂದು ಆರಿಸಿ ತೆಗೆಯುವ ಸಾಲಲ್ಲ. ತೆಗೆಯಲು ಬರುವ ಎಲ್ಲವನ್ನೂ, ಎಲ್ಲ ಬಳಕೆದಾರರಿಗೂ, ತೆಗೆಯುವ ಸಾಲು. ಫೋಟೋಸ್ ಹೋಯಿತು, ಕ್ಯಾಲ್ಕುಲೇಟರ್ ಹೋಯಿತು, ಸ್ಕ್ರೀನ್ ಕತ್ತರಿಸುವ ಆ್ಯಪು ಹೋಯಿತು. ಆ್ಯಪುಗಳನ್ನು ಇಳಿಸಿಕೊಳ್ಳುವ ಸ್ಟೋರ್ ಕೂಡ ಹೋಯಿತು.

ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದೆ. ಉತ್ತರ ನನಗೆ ಇಷ್ಟವಾಯಿತು. ಅವನು ಕನ್ನಡ ಮಾಧ್ಯಮದ ಹುಡುಗ, ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ ಅನ್ನುವ ಕಂಪ್ಯೂಟರ್ ಕ್ಲಬ್ಬಿನಲ್ಲಿದ್ದವನು. ನಮ್ಮ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಸರಕಾರದ ಕೈಟ್ ಸಂಸ್ಥೆ ಕೊಡುವ ಉಬುಂಟು ಆಧಾರದ ಗ್ನೂ-ಲಿನಕ್ಸ್, ವಿಂಡೋಸಿನ ಬದಲಿಗೆ ಬಳಸುವ ಉಚಿತ ವ್ಯವಸ್ಥೆ. ಅಲ್ಲಿ ಬೇಡದ ಪ್ಯಾಕೇಜನ್ನು, ಅಂದರೆ ಪ್ರೋಗ್ರಾಮನ್ನು, ಒಂದು ಆಜ್ಞೆಯಲ್ಲಿ ತೆಗೆಯಬಹುದು, ಇನ್ನೊಂದರಲ್ಲಿ ವಾಪಸು ತರಬಹುದು. ತೆಗೆದು ಹಾಕಿ ನೋಡಿಯೇ ಕಲಿತ ಮಗು. "ಇದರಲ್ಲೂ ಹಾಗೇ ಅಂತ ಗ್ರಹಿಸಿದೆ ಟೀಚರ್." ವಿಂಡೋಸಿನಲ್ಲಿ ಈ ಆ್ಯಪುಗಳು ವಾಪಸು ಬರುವ ಮಾಮೂಲು ದಾರಿ ಸ್ಟೋರ್. ಸ್ಟೋರೇ ಇಲ್ಲದಿದ್ದರೆ?

ಮರುದಿನ ಅಕ್ಕ ದಾನಿಯೊಬ್ಬರ ಫೋಟೋ ಮೇಲೆ ಡಬಲ್ ಕ್ಲಿಕ್ ಮಾಡಿದರು, ತೆರೆಯಲಿಲ್ಲ. "ಏನೋ ಅಪ್‌ಡೇಟ್ ಆಗ್ತಾ ಉಂಟು ಅಕ್ಕ" ಅಂದ. ಮೊದಲ ಸುಳ್ಳು ಅದು. ನೋಡಿ, ಆವತ್ತಿನ ಮಟ್ಟಿಗೆ ಅಂಗಡಿಗೆ ದೊಡ್ಡ ನಷ್ಟ ಏನೂ ಆಗಿರಲಿಲ್ಲ. ಪೇಜ್‌ಮೇಕರ್, ಚಿತ್ರ ವಿನ್ಯಾಸದ ಕೋರಲ್‌ಡ್ರಾ, ಕನ್ನಡ ಟೈಪ್ ಮಾಡುವ ನುಡಿ, ಪ್ರಿಂಟರು ಎಲ್ಲ ಸರಿಯಾಗಿತ್ತು. ಅವೆಲ್ಲ ಬೇರೆ ಜಾತಿಯ ಪ್ರೋಗ್ರಾಮುಗಳು, ಆ ಸಾಲು ಅವುಗಳನ್ನು ಮುಟ್ಟುವುದಿಲ್ಲ. ಫೋಟೋವನ್ನು ಕೋರಲ್‌ಡ್ರಾದಲ್ಲೇ ತೆರೆಯಬಹುದಿತ್ತು.

ಹುಡುಗ ಹೇಳಲಿಲ್ಲ. ರಾತ್ರಿ ಬಾಗಿಲು ಹಾಕಿಕೊಂಡು ರಿಪೇರಿಗೆ ಇಳಿದ. ವಿಂಡೋಸಿನದೇ ತಪಾಸಣೆಯ ಆಜ್ಞೆ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದ, ಯಾವ ದೋಷವೂ ಇಲ್ಲ ಅಂತ ಬಂತು. ಅಂಥದ್ದೇ ಇನ್ನೊಂದು, ಡಿಸ್ಮ್, ಓಡಿಸಿದ, ಅದೂ ಸರಿ ಅಂದಿತು. ಅವನಿಗೆ ಇನ್ನೂ ಗಾಬರಿ. ಅವೆರಡೂ ನೋಡುವುದು ಸಿಸ್ಟಮ್ಮಿನ ಫೈಲುಗಳನ್ನು, ತೆಗೆದ ಆ್ಯಪುಗಳನ್ನು ತಂದುಕೊಡುವುದು ಅವುಗಳ ಕೆಲಸ ಅಲ್ಲ. ಹಳೆ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸ್ ಮೊದಲೇ ಉಳಿಸಿಟ್ಟ ಗುರುತು, ಹುಡುಕಿದ. ಆ ವ್ಯವಸ್ಥೆಯನ್ನು ಯಾರೂ ಆನ್ ಮಾಡಿಟ್ಟಿರಲಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಪಿಸಿಯನ್ನು ರಿಸೆಟ್ ಮಾಡಿದ, ಅಂದರೆ ವಿಂಡೋಸನ್ನು ಹೊಸದಾಗಿ ಹಾಕಿಸಿದ. "ನನ್ನ ಫೈಲುಗಳನ್ನು ಉಳಿಸು" ಅಂತಲೇ ಆರಿಸಿದ್ದ, ಪಾಪ. ಆದರೆ ಅಲ್ಲಿ ಉಳಿಯುವುದು ಫೈಲುಗಳು ಮಾತ್ರ, ನಾವು ಹಾಕಿಕೊಂಡ ಪ್ರೋಗ್ರಾಮುಗಳು ಉಳಿಯುವುದಿಲ್ಲ.

ಬೆಳಿಗ್ಗೆ ಫೋಟೋಸ್, ಕ್ಯಾಲ್ಕುಲೇಟರ್, ಸ್ಟೋರ್ ಎಲ್ಲ ಚೆನ್ನಾಗಿ ವಾಪಸು ಬಂದಿದ್ದವು. ಪೇಜ್‌ಮೇಕರ್ ಇರಲಿಲ್ಲ. ಕೋರಲ್‌ಡ್ರಾ ಇರಲಿಲ್ಲ. ಕನ್ನಡ, ಮಲಯಾಳ ಫಾಂಟುಗಳೂ ಇರಲಿಲ್ಲ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ತೆರೆದರೆ ಅರ್ಚಕರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ನಮ್ಮ ಕಡೆಯ ಎಷ್ಟೋ ಅಂಗಡಿಗಳು ಇವತ್ತಿಗೂ ಅದರಲ್ಲೇ ಅನ್ನ ಕಾಣುತ್ತಿವೆ. ಅಕ್ಕ ಕಿರುಚಿದ್ದು ಸುಮ್ನೆ ಅಲ್ಲ.

ಇಷ್ಟು ತಿಳಿದ ಮೇಲೆ ನನಗೆ ಮುಖ್ಯವಾಗಿ ಕಂಡದ್ದು ಆ ಪವರ್‌ಶೆಲ್ ಸಾಲಲ್ಲ. ಆಮೇಲಿನ ರಾತ್ರಿಗಳು. ಮುಚ್ಚಿಡುವ ಅವಸರದಲ್ಲಿ ಮಾಡಿದ ಒಂದೊಂದು ರಿಪೇರಿಯೂ ಹಿಂದಿನದಕ್ಕಿಂತ ದೊಡ್ಡದು, ಹಿಂದಿನದಕ್ಕಿಂತ ಅಪಾಯದ್ದು. ಅಪ್ಪ ಇಲ್ಲದ ಮನೆ, ಫೀಸು ಕಟ್ಟುವುದು ಅಕ್ಕ. ಅವಳ ಮುಂದೆ ದಡ್ಡ ಆಗಬಾರದು ಅನ್ನುವುದು ಅವನಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಇದನ್ನು ಅವನಿಗೇ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಆವತ್ತೇ ಹೇಳಿದ್ದರೆ ನಾಲ್ಕು ಬೈಗುಳದಲ್ಲಿ ಮುಗೀತಿತ್ತು, ಅಲ್ವಾ?" ಅಂದ.

ಕೊಟ್ಟ ಸಲಹೆ ಹೀಗಿತ್ತು.

ಮೊದಲನೆಯದು, ಆ ಹಾಳೆಯನ್ನು ಅಕ್ಕನಿಗೆ ಅವನೇ ಓದಿ ಹೇಳಬೇಕು. ನನ್ನ ಕೋಣೆಯಲ್ಲೇ, ನಾನು ಕೂತಿರುವಾಗ. ಓದಿ ಮುಗಿಯುವ ತನಕ ಅಕ್ಕ ನಡುವೆ ಮಾತಾಡಬಾರದು. ಅವರಿಗೆ ಇದು ಕಷ್ಟವಾಯಿತು, ಆದರೆ ತಡೆದುಕೊಂಡರು. "ಅಪ್‌ಡೇಟ್ ಅಂತ ಹೇಳಿದ್ದು ಸುಳ್ಳು" ಅನ್ನುವ ಸಾಲು ಬಂದಾಗ ಅಕ್ಕನಿಗೇ ಅಳು ಬಂತು. ಪೇಜ್‌ಮೇಕರ್ ಹೋದದ್ದಕ್ಕಿಂತ ಆ ಸುಳ್ಳೇ ಅವರನ್ನು ಜಾಸ್ತಿ ನೋಯಿಸಿತ್ತು.

ಎರಡನೆಯದು ಕಂಪ್ಯೂಟರಿನದು. ಒಂದು ಸಮಾಧಾನ ಅಂದರೆ, ರಿಸೆಟ್ ಆದ ಮೇಲೆ ವಿಂಡೋಸ್ ತಾನು ತೆಗೆದ ಪ್ರೋಗ್ರಾಮುಗಳ ಪಟ್ಟಿಯನ್ನು ಡೆಸ್ಕ್‌ಟಾಪಿನಲ್ಲಿ ಒಂದು ಕಡತವಾಗಿ ಬಿಡುತ್ತದೆ. ಹಳೆಯ ಸಿಸ್ಟಮ್ಮನ್ನು ಸಿ ಡ್ರೈವಿನಲ್ಲಿ ವಿಂಡೋಸ್.ಓಲ್ಡ್ ಅನ್ನುವ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಸಾಮಾನ್ಯವಾಗಿ 10 ದಿನಕ್ಕೆ ಅದು ತಾನಾಗಿ ಅಳಿಸಿ ಹೋಗುತ್ತದೆ. ಅದೃಷ್ಟಕ್ಕೆ ಇನ್ನೂ ಇತ್ತು. ಹಾಗಾಗಿ ಬೇರೆ ಯಾವುದಕ್ಕೂ ಕೈ ಹಾಕದೆ ಮೊದಲು ಆ ಫೋಲ್ಡರಿನ ಒಳಗಿನ ಫಾಂಟುಗಳನ್ನೂ, ಡಿ ಡ್ರೈವಿನ ಕೆಲಸದ ಕಡತಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಲು ಹೇಳಿದೆ. ಆಮೇಲೆ ಪಟ್ಟಿ ನೋಡಿ ಒಂದೊಂದೇ ಪ್ರೋಗ್ರಾಮು ಹಾಕುವುದು. ಇಲ್ಲಿ ಒಂದು ನಿಯಮ ಇಟ್ಟೆ. ಮೌಸು ಅಕ್ಕನ ಕೈಯಲ್ಲಿ, ತಮ್ಮ ಪಕ್ಕದಲ್ಲಿ ಕೂತು ಹೇಳುವುದು. ಅವನಿಗೆ ವೇಗ ತಗ್ಗುತ್ತದೆ, ಅವರಿಗೆ ತಮ್ಮ ಮೆಷಿನ್ನಿನ ಒಳಗೇನಿದೆ ಅಂತ ಗೊತ್ತಾಗುತ್ತದೆ.

ಇನ್ನೂ ರಿಸೆಟ್ ತನಕ ಹೋಗದವರು, ಆ್ಯಪು ಮಾತ್ರ ಕಳೆದುಕೊಂಡವರು ಇದನ್ನು ಓದುತ್ತಿದ್ದರೆ ಸರ್ವಿಸಿನವರು ಹೇಳಿದ ಕ್ರಮ ನಿಮಗೂ ಇರಲಿ. ಮೊದಲು ಕಡತಗಳ ಕಾಪಿ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಡಬ್ಲ್ಯೂಎಸ್‌ರಿಸೆಟ್ ಅಂತ ಬರೆದು, ಒಂದು ಜಾಗ ಬಿಟ್ಟು, ಹೈಫನ್ ಮತ್ತು ಐ ಹಾಕಿದರೆ (wsreset -i) ಸ್ಟೋರ್ ವಾಪಸು ಇಳಿಯುತ್ತದೆ. ಇಂಟರ್ನೆಟ್ ಬೇಕು, ಕೆಲವು ನಿಮಿಷ ಕಾಯಬೇಕು. ಸ್ಟೋರ್ ಬಂದರೆ ಅಲ್ಲಿಂದ ಫೋಟೋಸ್, ಕ್ಯಾಲ್ಕುಲೇಟರ್ ಹಾಕಿಕೊಳ್ಳಬಹುದು. ಅದೂ ಆಗದಿದ್ದರೆ ಅದೇ ಆವೃತ್ತಿಯ, ಅದೇ ಭಾಷೆಯ ವಿಂಡೋಸ್ ಐಎಸ್‌ಒ (ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಇರುವ ಒಂದೇ ಕಡತ) ಇಳಿಸಿ, ವಿಂಡೋಸ್ ನಡೆಯುತ್ತಿರುವಾಗಲೇ ಅದರೊಳಗಿನ ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪು ಎರಡನ್ನೂ ಉಳಿಸುವ ಆಯ್ಕೆ ಒತ್ತಬೇಕು. ಪ್ರೋಗ್ರಾಮುಗಳು ಹೋಗುವುದಿಲ್ಲ. ರಿಸೆಟ್ ಇದೆಲ್ಲ ಮುಗಿದ ಮೇಲಿನ ಮಾತು. ಅಂದ ಹಾಗೆ, ತೆರೆಯದೇ ಇರುವ ಕ್ಯಾಲ್ಕುಲೇಟರ್ ಮೆಷಿನ್ನನ್ನು ನಿಧಾನ ಮಾಡುವುದಿಲ್ಲ. ಅಂಗಡಿಯ ಮೆಷಿನ್ನಿಗೆ ಬೇಕಾಗಿದ್ದದ್ದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ) ಮತ್ತು ಇನ್ನಷ್ಟು ಮೆಮೊರಿ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಮೆಷಿನ್ನಿನ ಯೋಚನೆಯೂ ಇರಲಿ ಅಂದರು.

ಮೂರನೆಯದು ಅಕ್ಕನಿಗೆ. ಅಂಗಡಿಗೆ ಕಾಲಿಡಬೇಡ ಅನ್ನುವ ಶಿಕ್ಷೆ ಬೇಡ ಅಂದೆ. ಅದರಿಂದ ಅವನು ಇನ್ನೂ ಅಡಗುತ್ತಾನೆ. ಬದಲಿಗೆ ಅವನಿಗೆ ಬೇರೆ ಅಕೌಂಟು, ಅಡ್ಮಿನ್ ಅಧಿಕಾರ (ಇಡೀ ಮೆಷಿನ್ನನ್ನು ಬದಲಿಸುವ ಅಧಿಕಾರ) ಇಲ್ಲದ್ದು. ಅಡ್ಮಿನ್ ಪಾಸ್‌ವರ್ಡು ಅಕ್ಕನಲ್ಲಿ. ರಿಸ್ಟೋರ್ ಪಾಯಿಂಟ್ ಆನ್. ಗಿರಾಕಿಯ ಕೆಲಸ ಬಾಕಿ ಇರುವಾಗ ಯಾವ ಬದಲಾವಣೆಯೂ ಇಲ್ಲ. ಹುಡುಗನ ಕುತೂಹಲಕ್ಕೂ ಒಂದು ಜಾಗ ಬೇಕು. ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆ ಲ್ಯಾಪ್‌ಟಾಪ್ ಅವನಿಗೇ ಬಿಟ್ಟುಕೊಡಿ, ಅದರಲ್ಲಿ ಏನು ಬೇಕಾದರೂ ತೆಗೆದು ಹಾಕಲಿ.

ಕಲಶದ ಸಮಿತಿಯವರ ಹತ್ತಿರ ಹೋಗಿ ಕ್ಷಮೆ ಕೇಳುವ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಇರಲಿಲ್ಲ. ಅಕ್ಕ ಬೇಡ ಅಂದರು, ಅಂಗಡಿಯ ಮರ್ಯಾದೆ ಪ್ರಶ್ನೆ. ತಮ್ಮ ಹೋಗುತ್ತೇನೆ ಅಂದ. ನಾನು ತೀರ್ಪು ಕೊಡಲಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಹೋದರಂತೆ.

ಮುಂದಿನ ಭೇಟಿಗೆ ಬಂದಾಗ ಅವನು ಊಟ ಮಾಡುತ್ತಿದ್ದ, ಕಾಲೇಜಿಗೆ ಹೋಗುತ್ತಿದ್ದ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಅದಕ್ಕೆ ಭೇಟಿ ಮುಂದುವರಿದಿದೆ. ಪೇಜ್‌ಮೇಕರ್ ಬಂದಿದೆ, ಕನ್ನಡ ಫಾಂಟು ಬಂದಿದೆ. ಒಂದು ಮಲಯಾಳ ಫಾಂಟು ಮಾತ್ರ ಇನ್ನೂ ಸರಿ ಕೂತಿಲ್ಲವಂತೆ. ಅಡ್ಮಿನ್ ಪಾಸ್‌ವರ್ಡು ಯಾವಾಗ ಸಿಗುತ್ತದೆ ಅಂತ ಕೇಳಿದ. ಸದ್ಯಕ್ಕೆ ಕೇಳಲೇಬೇಡ ಅಂದೆ.