ಅಯೋಡಿನ್ ಮಾತ್ರೆ ಎಲ್ಲ ವಿಕಿರಣಕ್ಕೂ ಮದ್ದಲ್ಲ
ನಮಸ್ಕಾರ. ಅಣುಸ್ಥಾವರದಲ್ಲಿ ದುಡಿಯುವ ನಿಮ್ಮ ತಮ್ಮನ ಮೈಯೊಳಗೆ ವಿಕಿರಣಶೀಲ ವಸ್ತು ಸೇರಿದರೆ ಅಯೋಡಿನ್ ಮಾತ್ರೆಯೊಂದೇ ಸಾಕೇ ಎಂದು ಬದಿಯಡ್ಕದಿಂದ ಕೇಳಿದ್ದೀರಿ. ಸಾಲದು. ಆ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿಸಿ, ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗವಿಲ್ಲದಂತೆ ಮಾಡುತ್ತದೆ, ಅಷ್ಟೇ. ಆದರೆ ಸೀಸಿಯಮ್-137 ಎಂಬ ಇನ್ನೊಂದು ವಿಕಿರಣಶೀಲ ವಸ್ತು ಪೊಟ್ಯಾಸಿಯಮ್‌ನ ಹಾಗೆ ಸ್ನಾಯುಗಳಿಗೆಲ್ಲ ಹರಡಿ, ಕರುಳಿಗೆ ಇಳಿದು, ಅಲ್ಲಿಂದ ಪುನಃ ರಕ್ತಕ್ಕೆ ಮರಳುತ್ತಿರುತ್ತದೆ. ಪ್ರಷ್ಯನ್ ಬ್ಲೂ ಎಂಬ ನೀಲಿ ಪುಡಿಯ ಔಷಧ ಅದನ್ನು ಕರುಳಿನಲ್ಲೇ ಹಿಡಿದು ಮಲದೊಂದಿಗೆ ಹೊರಹಾಕುವುದರಿಂದ, ದೇಹದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಅವಧಿ ಸುಮಾರು 110 ದಿನಗಳಿಂದ 30 ದಿನಗಳಿಗೆ ತಗ್ಗುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಮ್ ಮೈಸೇರಿದ್ದ 46 ಮಂದಿಗೆ ಇದನ್ನು ಕೊಟ್ಟಿದ್ದರು. ನೀಲಿ ಪುಡಿಯೆಂದರೆ ನಮ್ಮ ತೋಟದ ಮನೆಗಳಲ್ಲಿ ಅಡಿಕೆಗೆ ಬಿಡುವ ಮೈಲುತುತ್ತೇ ನೆನಪಾಗುವುದು. ದಯವಿಟ್ಟು ಎರಡನ್ನೂ ಒಂದೆಂದು ತಿಳಿಯಬೇಡಿ, ಮೈಲುತುತ್ತು ವಿಷ. ಮತ್ತೊಂದು ವಿಕಿರಣಶೀಲ ಧಾತುವಾದ ಪ್ಲುಟೋನಿಯಮ್‌ಗೆ ಡಿಟಿಪಿಎ ಎಂಬ ಬೇರೆಯೇ ಔಷಧವಿದೆ. ಹೊಕ್ಕದ್ದು ಯಾವ ಧಾತುವೆಂದು ಮೂತ್ರಪರೀಕ್ಷೆ ಹಾಗೂ ಇಡೀ ದೇಹದ ವಿಕಿರಣ ಮಾಪನದಿಂದ ಗುರುತಿಸಿ ವೈದ್ಯರು ಮದ್ದು ನಿರ್ಧರಿಸುತ್ತಾರೆ.