ಆರು ಅನ್ನೋ ಒಂದು ನಂಬರ್ ಏಳು ತಿಂಗಳ ನಿದ್ದೆ ಕಿತ್ಕೊಂಡಿದ್ದು

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು. ಹಾಸನದಲ್ಲಿ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬಂದ ಇವರನ್ನ ಮೇಡಂ ಅಂತ್ಲೇ ಕರೀತೀನಿ, 39 ವರ್ಷ, ಕಾಲೇಜಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ಓದಿದ್ದು ಸ್ಟ್ಯಾಟಿಸ್ಟಿಕ್ಸ್, ತವರು ಸಕಲೇಶಪುರದ ಕಡೆ.

ನಿದ್ದೆ ಬರಲ್ಲ ಅಂತ ಬಂದಿದ್ರು. ಕೇಳ್ತಾ ಕೇಳ್ತಾ ಗೊತ್ತಾಯ್ತು, ರಾತ್ರಿ ಎರಡೂವರೆಗೆ ಎಚ್ಚರ ಆಗುತ್ತೆ, ಪಕ್ಕದಲ್ಲಿ ಮಗಳು ಮಲಗಿರ್ತಾಳೆ ಅಂತ ಫೋನಿನ ಬೆಳಕು ಕಮ್ಮಿ ಮಾಡಿ ಹೊದಿಕೆ ಒಳಗೆ ಗೂಗಲ್ ಸ್ಕಾಲರ್ ಪ್ರೊಫೈಲ್ ತೆಗೀತಾರೆ, ಸೈಟೇಶನ್, ಅಂದ್ರೆ ಬೇರೆಯವರು ತಮ್ಮ ಪೇಪರನ್ನ ಉಲ್ಲೇಖಿಸಿದ್ದು, ಒಂದಾದ್ರೂ ಏರಿದ್ಯಾ ನೋಡ್ತಾರೆ. ಆಮೇಲೆ ಸಹೋದ್ಯೋಗಿ ಒಬ್ಬರದ್ದು ತೆಗೀತಾರೆ. ಅವರದ್ದು ಮೆಟೀರಿಯಲ್ ಸೈನ್ಸ್, ಎಚ್-ಇಂಡೆಕ್ಸ್ (ಎಷ್ಟು ಪೇಪರ್ ಕನಿಷ್ಠ ಅಷ್ಟೇ ಸಲ ಉಲ್ಲೇಖ ಆಗಿದೆ ಅನ್ನೋ ಲೆಕ್ಕ) 24. ಇವರದ್ದು 6. ಶುರುವಾಗಿದ್ದು ಒಂದು ಇಂಟರ್‌ವ್ಯೂನಲ್ಲಿ, ಫೈಲ್ ತಿರುವಿ ಹಾಕ್ತಾ ಯಾರೋ ಒಬ್ಬರು "ಇಷ್ಟು ವರ್ಷಕ್ಕೆ ಬರೀ ಆರಾ?" ಅಂದಿದ್ರಂತೆ.

ನಾನು ಸಮಾಧಾನ ಹೇಳೋಕೆ ಹೋಗ್ಲಿಲ್ಲ, ಪೇಪರ್ ಪೆನ್ನು ಕೊಟ್ಟು ಈ ಆರು ಎಲ್ಲಿಂದ ಬಂತು ನನಗೆ ತೋರಿಸಿ ಅಂದೆ. ಒಂದೊಂದು ಪೇಪರ್ ಎಷ್ಟು ಸಲ ಉಲ್ಲೇಖ ಆಗಿದೆ ಅಂತ ಬರೆದ್ರು: 61, 23, 14, 9, 8, 7, 6, 3. ಕನಿಷ್ಠ ಆರು ಸಲ ಉಲ್ಲೇಖ ಆದ ಪೇಪರ್ ಆರಾದ್ರೂ ಇದೆ, ಆದ್ರೆ ಕನಿಷ್ಠ ಏಳು ಸಲ ಉಲ್ಲೇಖ ಆದದ್ದು ಏಳು ಸಿಗಲ್ಲ, ಅದಕ್ಕೆ ಆರು. 61ರ ಕೆಳಗೆ ನಾನೇ ಗೆರೆ ಎಳೆದೆ. ಅದು ಬಿಳಿ ಕಾಂಡಕೊರಕದ ಹಾರಾಟದ ಲೆಕ್ಕಾಚಾರದ ಪೇಪರ್ರು, ಅರೇಬಿಕಾ ಕಾಫಿ ಗಿಡ ತಿಂದು ಮುಗಿಸೋ ಹುಳ ಅದು, ಏಪ್ರಿಲ್-ಮೇನಲ್ಲಿ ಒಂದು ಸಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ಹೊರಗೆ ಬರುತ್ತೆ. ಅದು 61ರ ಬದಲು 600 ಸಲ ಉಲ್ಲೇಖ ಆಗಿದ್ರೂ ಈ ಲೆಕ್ಕದಲ್ಲಿ ಆರು ಆರೇ. ಇದನ್ನ ಅವರು ಸ್ಟೂಡೆಂಟ್ಸ್‌ಗೆ ಹತ್ತು ಸಲ ಹೇಳಿಕೊಟ್ಟಿರ್ತಾರೆ, ಆದ್ರೆ ತಮ್ಮದೇ ನಂಬರ್ ಅಂದಾಗ ಲೆಕ್ಕ ಮರೆತು ಮರ್ಯಾದೆ ಅಂತ ಓದ್ಕೊಂಡಿದ್ರು.

ಎಚ್-ಇಂಡೆಕ್ಸ್ ಮಾಡಿದ್ದು ಹೋರ್ಹೆ ಹಿರ್ಶ್ ಅನ್ನೋ ಭೌತವಿಜ್ಞಾನಿ, 2005ರಲ್ಲಿ. ಜೀವವಿಜ್ಞಾನದಲ್ಲಿ ಈ ಸಂಖ್ಯೆ ಭೌತವಿಜ್ಞಾನಕ್ಕಿಂತ ಜಾಸ್ತಿ ಬರುತ್ತೆ ಅಂತ ಆ ಪೇಪರಲ್ಲೇ ಬರೆದಿದ್ರು. ಗಣಿತ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಒಂದು ಪೇಪರಿಗೆ ಓದುಗರು ಸಿಗೋದೇ ನಿಧಾನ, ಆದ್ರೆ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದ್ರೆ ಅದರ ಪೇಪರ್‌ಗಳು ಸರಾಸರಿ ಎಷ್ಟು ಸಲ ಉಲ್ಲೇಖ ಆಗ್ತವೆ ಅನ್ನೋ ಲೆಕ್ಕ, ನೋಡೋದು ಹಿಂದಿನ ಎರಡು ವರ್ಷದ ಪೇಪರನ್ನ ಮಾತ್ರ. ಮೇಡಂ ಅಂತೂ ಮೂರು ಕಡೆ ಕಾಲಿಟ್ಟಿದಾರೆ, ಸ್ಟ್ಯಾಟಿಸ್ಟಿಕ್ಸು, ಕೀಟದ ವಿಷಯ, ಜೊತೆಗೆ ಬೆಳೆಗಾರರಿಗೆ ಅಂತ ಕನ್ನಡದಲ್ಲಿ ಬರೆದ ಲೇಖನಗಳು. ಆ ಕನ್ನಡದ ಲೇಖನ ಓದಿ ಕಾಂಡದ ತೊಗಟೆ ಯಾವಾಗ ಉಜ್ಜಬೇಕು ಅಂತ ಬೆಳೆಗಾರರು ಫೋನ್ ಮಾಡ್ತಾರೆ, ಸ್ಕೋಪಸ್ ಅನ್ನೋ ಪೇಪರ್-ಸೈಟೇಶನ್ ಡೇಟಾಬೇಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಮೂರು ಹೊಲ ಉತ್ತವರನ್ನ ಒಂದೇ ಹೊಲದ ಇಳುವರಿ ಹಿಡಿದು ಅಳೆದ್ರೆ ಹೆಂಗೆ?

ಎರಡನೇ ಸೆಷನ್‌ನಲ್ಲಿ ಇನ್ನೊಂದು ಹೊರಗೆ ಬಂತು. ಮದುವೆಗೆ ಮುಂಚೆ ಇನಿಷಿಯಲ್ ಎಚ್.ಎಸ್., ಊರಿನದೊಂದು ಅಪ್ಪನದೊಂದು, ಆಮೇಲೆ ಹೆಸರಿನ ಹಿಂದೆ ಗಂಡನ ಹೆಸರು ಸೇರಿದೆ. ಹಳೇ ಮೂರು ಪೇಪರ್ ಬೇರೆ ಯಾರದ್ದೋ ಅನ್ನೋ ಹಾಗೆ ಆಚೆ ಬಿದ್ದಿದ್ವು, 11, 10, 8. ಆರ್ಕಿಡ್ ಐಡಿ (ORCID, ಸಂಶೋಧಕರ ಗುರುತಿನ ನಂಬರ್) ಮಾಡಿಸಿ ಎರಡೂ ಹೆಸರು ಅಲ್ಲಿ ಸೇರಿಸಿ, ಪ್ರೊಫೈಲಲ್ಲಿ ಆ ಮೂರನ್ನೂ ತುಂಬಿ ಅಂದೆ. ತುಂಬಿದ್ರು, ಆರು ಎಂಟಾಯ್ತು. ಅವತ್ತು ಅವರ ಮುಖ ಅರಳಿದ್ದು ನೋಡಿ ನನಗೆ ಖುಷಿಗಿಂತ ಭಯ ಜಾಸ್ತಿ ಆಯ್ತು, ಯಾಕಂದ್ರೆ ಎಂಟಕ್ಕೆ ಅರಳಿದ ಮುಖ ಒಂಬತ್ತಾಗಲಿಲ್ಲ ಅಂತ ಮತ್ತೆ ಬಾಡುತ್ತೆ. ಅದನ್ನ ಅವರಿಗೇ ಹೇಳಿದೆ, ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಅತ್ತರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಅಪ್ಪನ ಮುಂದೆ ನಿಂತಿದ್ದು ನೆನಪಾಯ್ತಂತೆ. ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ.

ಕೊಟ್ಟ ಸಲಹೆ ಇಷ್ಟು. ಪ್ರೊಫೈಲ್ ತಿಂಗಳಿಗೊಂದೇ ಸಲ, ಹಗಲು ಹೊತ್ತು, ಕಾಲೇಜ್ ಕಂಪ್ಯೂಟರಲ್ಲೇ ನೋಡೋದು, ರಾತ್ರಿ ಫೋನ್ ಅಡುಗೆಮನೇಲಿರ್ಲಿ. ಮುಂದಿನ ಇಂಟರ್‌ವ್ಯೂಗೆ ಒಂದು ಹಾಳೆ ಬರೀರಿ, ಪ್ರತಿ ಕ್ಷೇತ್ರದಲ್ಲಿ ಏನು ಪ್ರಶ್ನೆ ಇತ್ತು, ನೀವೇನು ಮಾಡಿದ್ರಿ, ಯಾರು ಬಳಸಿದ್ರು ಅಂತ. ಸ್ಕೋಪಸ್‌ನಲ್ಲಿ ಕ್ಷೇತ್ರದ ಪ್ರಕಾರ ಸರಿದೂಗಿಸಿದ ಅಳತೆ ಇದೆ, ಅದರಲ್ಲಿ 1 ಅಂದ್ರೆ ಪ್ರಪಂಚದ ಸರಾಸರಿ, ಬೇಕಿದ್ರೆ ಅದನ್ನೂ ಹಾಕಿ. ಯಾರಾದ್ರೂ ಕೇಳಿದ್ರೆ, ಸಂಶೋಧಕರನ್ನ ಜರ್ನಲ್ ನಂಬರಿಂದ ತೂಗಬೇಡಿ ಅಂತ 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆನೇ ಹೇಳುತ್ತೆ ಅಂತ ಧೈರ್ಯವಾಗಿ ಹೇಳಿ. ಎರಡು ವಾರದಲ್ಲಿ ನಿದ್ದೆ ಸರಿ ಹೋಗ್ಲಿಲ್ಲ ಅಂದ್ರೆ ಸೈಕಿಯಾಟ್ರಿಸ್ಟ್ ನೋಡೋಣ, ನಡುರಾತ್ರಿ ತೀರಾ ಕಷ್ಟ ಆದ್ರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತ ನಂಬರ್ ಬರ್ಸಿ ಕಳಿಸ್ದೆ.

ಈಗ ರಾತ್ರಿಗೆ ಐದು ಗಂಟೆಯಷ್ಟು ನಿದ್ದೆ ಆಗ್ತಿದೆ. ಎರಡು ಸಲ ತಪ್ಪಿ ರಾತ್ರಿ ಅಡುಗೆಮನೆಗೆ ಎದ್ದು ಹೋಗಿದ್ರಂತೆ, ಅದನ್ನ ಮುಚ್ಚಿಡದೆ ತಾವಾಗೇ ಹೇಳಿದ್ರು. ಆ ಒಂದು ಹಾಳೆ ಬರ್ದಾಗಿದೆ, ಕನ್ನಡದ ಲೇಖನಗಳನ್ನ ಎಲ್ಲಕ್ಕಿಂತ ಮೇಲೆ ಹಾಕಿದಾರೆ. ಮುಂದಿನ ಶನಿವಾರ ಗಂಡನನ್ನೂ ಕರ್ಕೊಂಡು ಬರ್ತೀನಿ ಅಂದಿದಾರೆ.